ಮೂರು ರಿಲೇ, ಮೂರು ಸಿಗ್ನಲ್

ಮೊಮ್ಮಗನ ಮಾದರಿ ರೈಲಿಗೆ ಸಿಗ್ನಲ್ ಹಾಕಲು ಕುಳಿತಾಗ, ಮೈಕ್ರೋಕಂಟ್ರೋಲರ್ ತಂದುಕೊಡುತ್ತೇನೆಂದು ಮಗ ಹೇಳಿದ. ಬೇಡವೆಂದೆ. ಮೂವತ್ತು ವರ್ಷ ರೈಲ್ವೆಯ ರಿಲೇ ಕೋಣೆಯಲ್ಲಿ ಟಕ್ ಟಕ್ ಕೇಳಿದ ಕಿವಿ ನನ್ನದು. ರಿಲೇ ಎಂದರೆ ಒಳಗಿನ ತಂತಿಸುರುಳಿಗೆ (ಕಾಯಿಲ್) ಕರೆಂಟ್ ಕೊಟ್ಟಾಗ ಕಾಂತದಿಂದ ಬದಲಾಗುವ ಸ್ವಿಚ್.

ಪ್ಲೈವುಡ್ ಮೇಲಿನ ಹಳಿಯ ಸುತ್ತನ್ನು ಮೂರು ಬ್ಲಾಕ್, ಅಂದರೆ ಮೂರು ಭಾಗ, ಮಾಡಿಕೊಳ್ಳಿ; ಪ್ರತಿ ಬ್ಲಾಕಿನ ಶುರುವಿನಲ್ಲಿ ಅದರ ಸಿಗ್ನಲ್. ಪ್ರತಿ ಬ್ಲಾಕಿಗೆ 12 ವೋಲ್ಟಿನ, ಎಂಟು ಕಾಲಿನ ಒಂದು ರಿಲೇ. ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ ಇರಲಿ, ಬಿಳಿ ಪಟ್ಟೆ ಪ್ಲಸ್ ಕಡೆಗೆ. ಗಾಡಿಯನ್ನು ಗುರುತಿಸಲು ಯಾವ ಸೆನ್ಸರ್ ಬಳಸಿದರೂ ಸರಿ, ಆದರೆ ಬ್ಲಾಕ್ ಖಾಲಿಯಿದ್ದಾಗ ಕಾಯಿಲ್‌ಗೆ ಕರೆಂಟ್ ಇದ್ದು ರಿಲೇ ಎತ್ತಿರಬೇಕು, ಗಾಡಿ ಬಂದಾಗ ಕರೆಂಟ್ ತಪ್ಪಿ ಬೀಳಬೇಕು. ಇದನ್ನು ತಿರುಗಿಸಿದರೆ, ಕಾಯಿಲ್ ತಂತಿ ಕಿತ್ತುಹೋದ ದಿನ ಗಾಡಿಯ ಬೆನ್ನಿಗೇ ಹಸಿರು ಉರಿಯುತ್ತದೆ.

ಎತ್ತಿದಾಗ ಕೂಡುವುದನ್ನು ನಾವು ಫ್ರಂಟ್ ಕಾಂಟ್ಯಾಕ್ಟ್ ಎನ್ನುತ್ತಿದ್ದೆವು, ಬಿದ್ದಾಗ ಕೂಡುವುದನ್ನು ಬ್ಯಾಕ್. ಇವೆರಡರಲ್ಲಿ ಒಂದಕ್ಕೆ ಕೂಡುವ ಕಾಲು ಕಾಮನ್. ಎಂಟು ಕಾಲಿನ ರಿಲೇಯಲ್ಲಿ ಇಂಥ ಕಾಂಟ್ಯಾಕ್ಟ್‌ಗಳು ಎರಡು ಜೊತೆ. ಒಂದನೇ ಸಿಗ್ನಲ್‌ನ ಪ್ಲಸ್ ತಂತಿಯನ್ನು ಒಂದನೇ ರಿಲೇಯ ಮೊದಲ ಜೊತೆಯ ಕಾಮನ್‌ಗೆ ಕೊಡಿ. ಬ್ಯಾಕ್‌ನಿಂದ ಕೆಂಪು ಎಲ್‌ಇಡಿ. ಫ್ರಂಟ್‌ನಿಂದ ತಂತಿ ಎರಡನೇ ರಿಲೇಯ ಎರಡನೇ ಜೊತೆಯ ಕಾಮನ್‌ಗೆ ಹೋಗಲಿ. ಅಲ್ಲಿ ಬ್ಯಾಕ್‌ಗೆ ಹಳದಿ (ಮುಂದಿನ ಬ್ಲಾಕಿನಲ್ಲಿ ಗಾಡಿಯಿದೆ), ಫ್ರಂಟ್‌ಗೆ ಹಸಿರು. ಮಿಕ್ಕ ಎರಡು ಸಿಗ್ನಲ್‌ಗಳಿಗೂ ಇದೇ ಕ್ರಮ. ಮೂರನೆಯದರ ಮುಂದಿನ ಬ್ಲಾಕ್ ಮತ್ತೆ ಒಂದನೆಯದೇ.

ಎರಡು ಜೊತೆ ಏಕೆ ಬೇಕೆಂದು ಪೆಟ್ಟು ತಿಂದು ಕಲಿತೆ. ಅಗ್ಗವೆಂದು ಮೊದಲು ಐದು ಕಾಲಿನ ರಿಲೇ ತಂದು, ಒಂದೇ ಕಾಂಟ್ಯಾಕ್ಟಿಗೆ ಎರಡು ಸಿಗ್ನಲ್ ಸಿಕ್ಕಿಸಿದ್ದೆ. ಗಾಡಿ ಒಂದನೇ ಬ್ಲಾಕಿನೊಳಗೆ ನಿಂತಿದೆ, ಹಿಂದಿನ ಕಂಬದಲ್ಲಿ ಕೆಂಪೂ ಹಸಿರೂ ಒಟ್ಟಿಗೆ! ಎರಡನೇ ಸಿಗ್ನಲ್‌ಗೆಂದು ಎರಡನೇ ರಿಲೇಗೆ ನೇರವಾಗಿ ಬಂದ ಪ್ಲಸ್ ಅಲ್ಲಿಂದ ಒಂದನೆಯದರ ಹಸಿರಿಗೂ ಹರಿದಿತ್ತು. ಡ್ಯೂಟಿಯಲ್ಲಿ ಹೀಗೆ ಮಾಡಿದ್ದರೆ ಪಿಂಚಣಿ ಬರುತ್ತಿರಲಿಲ್ಲ.

ಕೆಂಪು, ಹಳದಿಗೆ 1 ಕಿಲೋಓಮ್ ರೆಸಿಸ್ಟರ್ ಸಾಕು. ಹಸಿರು ಕಣ್ಣು ಕುಕ್ಕುತ್ತದೆ, ಅದಕ್ಕೆ 4.7 ಕಿಲೋಓಮ್ ಹಾಕಿದೆ. ಕಂಬದಲ್ಲಿ ಹಸಿರು ಮೇಲೆ, ಕೆಂಪು ಕೆಳಗೆ ಇರಬೇಕು. ರಸ್ತೆಯ ಸಿಗ್ನಲ್ ನೋಡಿ ತಲೆಕೆಳಗು ಮಾಡಬೇಡಿ.

ಗಾಡಿ ಇಡುವ ಮೊದಲು ಎರಡನೇ ರಿಲೇಯ ಕಾಯಿಲ್ ತಂತಿ ಕಳಚಿ ನೋಡಿ. ಎರಡನೇ ಸಿಗ್ನಲ್ ಕೆಂಪು, ಒಂದನೆಯದು ಹಳದಿ, ಮೂರನೆಯದು ಹಸಿರು ತೋರಿಸಬೇಕು. ಹಾಗೆಯೇ ಒಂದೊಂದನ್ನೂ ಕಳಚಿ ಪರೀಕ್ಷಿಸಿ. ಇಲ್ಲಿ ಗಾಡಿ ತಾನಾಗಿ ನಿಲ್ಲುವುದಿಲ್ಲ, ಓಡಿಸುವವನೇ ನಿಲ್ಲಿಸಬೇಕು. ಮೊಮ್ಮಗ ಮೊದಲ ದಿನವೇ ಮೂರು ಸಲ ಕೆಂಪು ದಾಟಿದ; ಚಾರ್ಜ್‌ಶೀಟ್ ಕೊಟ್ಟಿದ್ದೇನೆ.