ಹಳೆಯ ಕಾರು ಕೊಳ್ಳುವಾಗ ನಾನು ಮೀಟರನ್ನು ಕೊನೆಗೆ ನೋಡುತ್ತೇನೆ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೊರಡುವ ಮೊದಲು ಮಾರುವವರಿಗೆ ಫೋನಿನಲ್ಲೇ ಹೇಳಿಬಿಡುತ್ತೇನೆ: ನಾನು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡುತ್ತೇನೆ. ಬೆಚ್ಚಗಿದ್ದರೆ ನನಗೆ ಆಗಲೇ ಅನುಮಾನ. ಬಿಸಿಯಾದ ಎಂಜಿನ್ ಮುಚ್ಚಿಡುವ ಕಾಯಿಲೆಗಳು ತಣ್ಣನೆಯ ಎಂಜಿನ್ನಿನಲ್ಲಿ ಬಯಲಾಗುತ್ತವೆ. ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ದಟ್ಟ ಬಿಳಿ ಹೊಗೆ ಎಂಜಿನ್ ಕಾದ ಮೇಲೂ ನಿಲ್ಲದೆ ಸಿಹಿ ವಾಸನೆ ಬರುತ್ತಿದ್ದರೆ ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ಒಳಗೆ ಸೋರುತ್ತಿರಬಹುದು. ಅಂಥ ಗಾಡಿಯ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಕಳೆದ ಸಲ ನನಗೆ ಕಾರು ಬೇಕಾದಾಗ ಒಂದೇ ಮಾಡೆಲಿನ ಎರಡು ಗಾಡಿಗಳು ಸಿಕ್ಕಿದ್ದವು. ಒಂದು ಫಳಫಳ ಹೊಳೆಯುತ್ತಿತ್ತು, ಮೀಟರಿನಲ್ಲಿ ಓಡಿದ್ದು ಬಹಳ ಕಡಿಮೆ. ಆದರೆ ಬ್ರೇಕ್ ಪೆಡಲಿನ ರಬ್ಬರ್ ಗೆರೆಗಳೇ ಇಲ್ಲದಷ್ಟು ಸವೆದಿತ್ತು. ಸ್ಟೀರಿಂಗ್ ಮೇಲೆ ಕೈ ಹಿಡಿಯುವ ಜಾಗ ಎಣ್ಣೆ ಸವರಿದಂತೆ ನುಣುಪಾಗಿತ್ತು. ಟೈರ್ ನೋಡಿದೆ. ಟೈರಿನ ಬದಿಯಲ್ಲಿ ನಾಲ್ಕಂಕಿಯ ಸಂಖ್ಯೆ ಅಚ್ಚಾಗಿರುತ್ತದೆ. 3518 ಎಂದಿದ್ದರೆ 2018ರ 35ನೇ ವಾರ ತಯಾರಾದದ್ದು. ಆ ಗಾಡಿಯ ನಾಲ್ಕೂ ಟೈರುಗಳು ಗಾಡಿಗಿಂತ ವರ್ಷಗಟ್ಟಲೆ ಹೊಸವು. ಇಷ್ಟು ಕಡಿಮೆ ಓಡಿದ ಕಾರಿಗೆ ಇಷ್ಟು ಬೇಗ ಟೈರ್ ಏಕೆ ಬದಲಾಯಿತು ಎಂದು ಕೇಳಿದರೆ ಮಾರುವವರು ಬಣ್ಣದ ಬಗ್ಗೆ ಮಾತು ತೆಗೆದರು. ಮೀಟರನ್ನು ಹಿಂದಕ್ಕೆ ತಿರುಗಿಸಿರಬೇಕು ಎಂದು ನನಗೆ ಅನುಮಾನ ಬಂತು.

ಹೀಗೆ ಬಿಡಿ ಭಾಗಗಳ ಮೇಲಿನ ತಾರೀಖುಗಳನ್ನು ಹುಡುಕುವುದೇ ನನಗೆ ಹಿಡಿದ ಹುಚ್ಚು. ಗಾಜುಗಳ ಮೂಲೆಯಲ್ಲಿ ಗುರುತುಗಳಿರುತ್ತವೆ, ಸೀಟ್ ಬೆಲ್ಟಿಗೆ ಹೊಲಿದ ಪಟ್ಟಿಯಲ್ಲಿ ಸಾಮಾನ್ಯವಾಗಿ ತಯಾರಾದ ದಿನ ಇರುತ್ತದೆ. ಮುಂದಿನ ಗಾಜು ಕಲ್ಲು ಸಿಡಿದು ಒಡೆದಿರಬಹುದು, ಅದಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ. ಒಂದು ಬದಿಯ ಬಾಗಿಲಿನ ಗಾಜು, ಅದೇ ಬದಿಯ ಸೀಟ್ ಬೆಲ್ಟ್ ಎರಡೂ ಹೊಸವಾಗಿದ್ದರೆ ಮಾತ್ರ ಆ ಬದಿಗೆ ದೊಡ್ಡ ಪೆಟ್ಟು ಬಿದ್ದಿದೆಯೇ ಎಂದು ನೋಡಲೇಬೇಕು. ಆಗ ಬಾನೆಟ್ ಎತ್ತಿ ಫೆಂಡರಿನ (ಮುಂದಿನ ಚಕ್ರದ ಮೇಲಿನ ತಗಡಿನ) ಬೋಲ್ಟುಗಳ ತಲೆ ನೋಡುತ್ತೇನೆ: ಅಂಚಿನಲ್ಲಿ ಬಣ್ಣ ಕಿತ್ತಿದ್ದರೆ ಸ್ಪ್ಯಾನರ್ ತಾಗಿದೆ, ಅಂದರೆ ಆ ಭಾಗವನ್ನು ಬಿಚ್ಚಿದ್ದಾರೆ. ಡಿಕ್ಕಿಯ ಕಾರ್ಪೆಟ್ ಎತ್ತಿದರೆ ಸ್ಟೆಪ್ನಿ ಗುಂಡಿಯ ತಗಡಿನಲ್ಲಿ ಸುಕ್ಕು ಇದ್ದರೆ ಕಂಡುಬಿಡುತ್ತದೆ.

ಪ್ರವಾಹದಲ್ಲಿ ಮುಳುಗಿದ ಗಾಡಿ ಇದಕ್ಕಿಂತ ಅಪಾಯ, ಏಕೆಂದರೆ ವೈರಿಂಗ್ ತಿಂಗಳುಗಳಾದ ಮೇಲೆ ಕೈಕೊಡುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ತೊಳೆಯುವವರು ಒಳಗೆ ಸುತ್ತಿಕೊಂಡ ಭಾಗದ ಕೆಸರಿನ ಗೆರೆಯನ್ನು ಮರೆತಿರುತ್ತಾರೆ. ಒಳಗೆ ಸೆಂಟಿನ ಘಾಟು ವಿಪರೀತವಾಗಿದ್ದರೂ ನನಗೆ ಸಂಶಯವೇ.

ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರ್ ಒಂದನ್ನು ಜೊತೆಗೆ ಒಯ್ಯುತ್ತೇನೆ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಉರಿಯದಿದ್ದರೆ ಎಲ್ಲ ಸರಿಯಿದೆ ಎಂದಲ್ಲ. ದೋಷದ ಕೋಡುಗಳನ್ನು ಹಿಂದಿನ ದಿನವೇ ಅಳಿಸಿರಬಹುದು. ಹಾಗೆ ಅಳಿಸಿದ್ದರೆ ಗಾಡಿಯ ಸ್ವಯಂ ತಪಾಸಣೆಗಳು ಇನ್ನೂ ಪೂರ್ಣಗೊಂಡಿಲ್ಲ ಎಂದು ಸ್ಕ್ಯಾನರ್ ತೋರಿಸುತ್ತದೆ. ಬ್ಯಾಟರಿ ಬಿಚ್ಚಿದ್ದರೂ ಹಾಗೆಯೇ ಕಾಣಬಹುದು. ಆಗ ಒಂದಷ್ಟು ದಿನ ಓಡಿಸಿ, ಮತ್ತೆ ಬರುತ್ತೇನೆ ಎಂದು ಹೇಳಿ ಬರುತ್ತೇನೆ.

ಓಡಿಸುವಾಗ ರೇಡಿಯೋ ಬಂದ್. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಚಲಿಸುತ್ತೇನೆ. ಟಿಕ್ ಟಿಕ್ ಸದ್ದು ಬಂದರೆ ಆಕ್ಸಲಿನ ಜಾಯಿಂಟ್ ಸವೆದಿದೆ. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಚಾಸಿ ಸಂಖ್ಯೆ ದಾಖಲೆಗೆ ಹೊಂದುತ್ತದೆಯೇ, ಸಾಲ ಬಾಕಿ ಇದೆಯೇ ಎಂಬುದನ್ನು ಹಣ ಕೊಡುವ ಮೊದಲೇ ನೋಡುವುದು ಎಲ್ಲರಿಗೂ ಗೊತ್ತಿರುವ ಮಾತು.

ಆ ಎರಡು ಗಾಡಿಗಳಲ್ಲಿ ನಾನು ಕೊಂಡದ್ದು ಎರಡನೆಯದು. ಬಾಗಿಲಿನ ಮೇಲೆ ತಗ್ಗು, ಮೀಟರಿನಲ್ಲಿ ದೊಡ್ಡ ಅಂಕಿ, ಆದರೆ ಸರ್ವೀಸ್ ಬಿಲ್ಲುಗಳೆಲ್ಲ ಒಂದು ಫೈಲಿನಲ್ಲಿದ್ದವು. ಎಂಜಿನ್ನಿನೊಳಗೆ ಪಿಸ್ಟನ್ ಮತ್ತು ವಾಲ್ವುಗಳ ಓಟವನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಮಾತ್ರ ಇರಲಿಲ್ಲ. ಅದು ಓಡುವಾಗ ತುಂಡಾದರೆ ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಬಡಿದು ಎಂಜಿನ್ನೇ ಹಾಳಾಗಬಹುದು. ಹೊಸ ಬೆಲ್ಟಿನ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಂಡೆ. ಕಾರು ಅಲ್ಲಿಂದ ನೇರವಾಗಿ ಮೆಕ್ಯಾನಿಕ್ ಬಳಿಗೆ ಹೋಯಿತು.