ಲ್ಯಾಪ್‌ಟಾಪ್ ಅಲ್ಲ, ಚೀಲ ತೂಗಿ

ಸಹಕಾರ ಸಂಘಗಳ ಲೆಕ್ಕಪರಿಶೋಧನೆಗೆ ಮಂಡ್ಯ ಜಿಲ್ಲೆ ಸುತ್ತುವವರ ದಿನ ಹೆಚ್ಚುಕಮ್ಮಿ ಹೀಗೆ: ಮೈಸೂರಿನಿಂದ ಬೆಳಿಗ್ಗೆ ರೈಲು, ಮಂಡ್ಯದಲ್ಲಿ ಇಳಿದು ಮಳವಳ್ಳಿಗೋ ನಾಗಮಂಗಲಕ್ಕೋ ಬಸ್ಸು, ಅಲ್ಲಿಂದ ಊರಿಗೆ ಆಟೊ. ಬಸ್ಸಿನಲ್ಲಿ ಸೀಟು ಸಿಗದ ದಿನ ಹೊರೆ ಹೆಗಲ ಮೇಲೆಯೇ. ಈ ಕೆಲಸಕ್ಕೆ ಲ್ಯಾಪ್‌ಟಾಪ್ ಆರಿಸುವಾಗ ನಾನು ಮೊದಲು ಮಾಡುವುದು ಹಳೆಯ ಚೀಲವನ್ನು ಇದ್ದ ಹಾಗೇ ತಕ್ಕಡಿಗೆ ಇಡುವುದು. ಆಮೇಲೆ ಒಂದೊಂದೇ ತೆಗೆದು ತೂಗುವುದು.

15.6 ಇಂಚಿನ ಸಾಮಾನ್ಯ ಲ್ಯಾಪ್‌ಟಾಪ್ 1.7 ಕೆಜಿ. ದಪ್ಪ ಮೂರು ಪಿನ್ ವೈರು ಸೇರಿ ಅದರ ಚಾರ್ಜರ್ 400 ಗ್ರಾಂ. ಖಾಲಿ ಚೀಲವೇ 900 ಗ್ರಾಂ. ಮೌಸ್, ಪೆನ್‌ಡ್ರೈವ್, ಪ್ರಿಂಟರ್ ಕೇಬಲ್ ಸೇರಿ ಇನ್ನು 250. ಅಲ್ಲಿಗೆ ಮೂರೂಕಾಲು ಕೆಜಿ. ನೀರಿನ ಬಾಟಲಿ, ಊಟದ ಡಬ್ಬಿ ಬೇರೆ. ಲ್ಯಾಪ್‌ಟಾಪಿನಲ್ಲಿ 400 ಗ್ರಾಂ ಇಳಿಸಲು ಹತ್ತಾರು ಸಾವಿರ ಹೆಚ್ಚು ತೆರಬೇಕು. ಅದೇ 400 ಗ್ರಾಂ ಚೀಲ ಬದಲಿಸಿದರೆ ಒಂದೆರಡು ಸಾವಿರದಲ್ಲಿ ಇಳಿಯುತ್ತದೆ, 65 ವ್ಯಾಟಿನ ಪುಟ್ಟ ಗ್ಯಾನ್ (ಗ್ಯಾಲಿಯಂ ನೈಟ್ರೈಡ್ ಬಳಸಿದ ಹಗುರ ಬಗೆಯ) ಚಾರ್ಜರ್ ಕೊಂಡರೆ ಇನ್ನೂ ಇನ್ನೂರು ಗ್ರಾಂ. ಹಾಗಾಗಿ ಮೊದಲು ಚೀಲ, ಆಮೇಲೆ ಚಾರ್ಜರ್, ಕೊನೆಗೆ ಲ್ಯಾಪ್‌ಟಾಪ್. ಎಲ್ಲ ಸೇರಿ 2.3 ಕೆಜಿ ದಾಟಬಾರದು ಎಂಬುದು ನನ್ನ ಗೆರೆ.

ಜಾಹೀರಾತಿನಲ್ಲಿ ‘1.1 ಕೆಜಿಯಿಂದ’ ಎಂದಿರುತ್ತದೆ. ಮೋಸವೆಲ್ಲ ಆ ‘ಯಿಂದ’ ಎಂಬ ಪ್ರತ್ಯಯದಲ್ಲಿದೆ. ಅದು ಚಿಕ್ಕ ಬ್ಯಾಟರಿ ಹಾಕಿದ, ಟಚ್ ಇಲ್ಲದ ಮಾದರಿಯ ತೂಕ. ನಮ್ಮ ಅಂಗಡಿಗೆ ಬರುವ ಮಾದರಿ ಅದೇ ಆಗಿರಬೇಕೆಂದಿಲ್ಲ. ಡಬ್ಬಿಯ ಮೇಲಿನ ಮಾದರಿ ಸಂಖ್ಯೆಯನ್ನು ಪೂರ್ತಿ, ಕೊನೆಯ ಅಕ್ಷರದವರೆಗೆ ಓದಿ.

ತೂಕಕ್ಕಿಂತ ಹೆಚ್ಚು ಕಾಡುವುದು ವೈರು ಚುಚ್ಚುವ ಕಿಂಡಿಗಳು, ಅಂದರೆ ಪೋರ್ಟುಗಳು. ಡಿಜಿಟಲ್ ಸಹಿ ಹಾಕಲು ಚುಚ್ಚುವ, ಪೆನ್‌ಡ್ರೈವ್‌ನಂಥ ಟೋಕನ್ ಇವತ್ತಿಗೂ ಹೆಚ್ಚಾಗಿ ಹಳೆಯ ಅಗಲ ಯುಎಸ್‌ಬಿಯದ್ದೇ. ಸಂಘದ ಕಚೇರಿಯ ಪ್ರಿಂಟರ್ ಕೇಬಲ್ಲೂ ಅದೇ. ತೆಳ್ಳಗಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಟೈಪ್-ಸಿ ಕಿಂಡಿ ಬಿಟ್ಟರೆ ಬೇರೇನೂ ಇಲ್ಲ. ಸಿಂಗಲ್ ತುಂಡಿನ ಪರಿವರ್ತಕ ಚುಚ್ಚಿ ಅದರ ತುದಿಗೆ ಟೋಕನ್ ಸಿಕ್ಕಿಸಿದರೆ ಆರೇಳು ಸೆಂಟಿಮೀಟರ್ ಹೊರಗೆ ಚಾಚಿಕೊಳ್ಳುತ್ತದೆ. ಮೊಣಕೈ ತಗಲಿದರೆ ಸಾಕು, ಸನ್ನೆಗೋಲಿನ ಹಾಗೆ ಕಿಂಡಿಯನ್ನೇ ಮೀಟುತ್ತದೆ. ಟೈಪ್-ಸಿ ಕಿಂಡಿ ಸಾಮಾನ್ಯವಾಗಿ ಮದರ್‌ಬೋರ್ಡಿಗೇ ಬೆಸೆದಿರುತ್ತದೆ. ಅದು ಹೋದರೆ ಆ ಕಿಂಡಿಯ ಚಾರ್ಜಿಂಗೂ ಹೋಯಿತು. ಪರಿವರ್ತಕ ಬೇಕೇ ಬೇಕೆಂದಾದರೆ ಹತ್ತು ಸೆಂಟಿಮೀಟರ್ ಮೆತ್ತನೆಯ ವೈರಿನದ್ದು ತೆಗೆದುಕೊಳ್ಳಿ. ನನ್ನ ಮಟ್ಟಿಗೆ ಒಂದು ಅಗಲ ಯುಎಸ್‌ಬಿ, ಒಂದು ಪೂರ್ಣ ಎಚ್‌ಡಿಎಂಐ, ಎರಡು ಟೈಪ್-ಸಿ ಇಲ್ಲದ ಲ್ಯಾಪ್‌ಟಾಪ್ ಎಷ್ಟೇ ಹಗುರವಿದ್ದರೂ ಲೆಕ್ಕಕ್ಕಿಲ್ಲ. ಎರಡು ಟೈಪ್-ಸಿ ಎಡಕ್ಕೊಂದು ಬಲಕ್ಕೊಂದು ಇದ್ದರೆ ಇನ್ನೂ ಒಳ್ಳೆಯದು. ಗೋಡೆಯ ಸಾಕೆಟ್ ಯಾವ ಕಡೆಗಿದೆಯೋ ಆ ಕಡೆಯಿಂದ ಚಾರ್ಜ್ ಮಾಡಬಹುದು.

ಪ್ರೊಸೆಸರ್ ವಿಚಾರಕ್ಕೆ ಬಂದರೆ, ಸ್ನಾಪ್‌ಡ್ರ್ಯಾಗನ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬ್ಯಾಟರಿಯಲ್ಲಿ ಚೆನ್ನಾಗಿವೆ. ಆದರೆ ಇಂಟೆಲ್‌ಗೆ ಬರೆದ ಸಾಮಾನ್ಯ ತಂತ್ರಾಂಶ ಅದರಲ್ಲಿ ಅನುಕರಣೆಯ (ಎಮ್ಯುಲೇಶನ್) ಮೂಲಕ ಓಡಿದರೂ, ಹೊರಗಿನಿಂದ ಚುಚ್ಚುವ ಸಾಧನಗಳನ್ನು ನಡೆಸುವ ಡ್ರೈವರ್‌ಗಳು ಹಾಗೆ ಓಡುವುದಿಲ್ಲ. ಟೋಕನ್, ಬೆರಳ ಗುರುತು ಓದುವ ಯಂತ್ರ, ಹಳೆಯ ಪ್ರಿಂಟರ್ ಇವಕ್ಕೆಲ್ಲ ಆ ಚಿಪ್ಪಿಗೆಂದೇ ಮಾಡಿದ ಡ್ರೈವರ್ ಬೇಕು. ಮ್ಯಾಕ್‌ಬುಕ್ ಏರ್ 13 ಇಂಚಿನದು ಸುಮಾರು 1.24 ಕೆಜಿ, ಫ್ಯಾನೇ ಇಲ್ಲ, ಆಲೆಮನೆ ಪಕ್ಕದ ಬೂದಿ ದೂಳು ಒಳಗೆ ಎಳೆದುಕೊಳ್ಳುವುದೂ ಇಲ್ಲ. ಆದರೆ ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ ಪ್ರೈಮ್ ವಿಂಡೋಸಿಗೆ ಮಾಡಿದ್ದು. ಇಂಟೆಲ್ ಅಥವಾ ಎಎಂಡಿಯ 15ರಿಂದ 28 ವ್ಯಾಟಿನ ಚಿಪ್ ಸಾಕು. ಹೆಸರಿನ ಕೊನೆಯಲ್ಲಿ ಎಚ್ ಇರುವ 45 ವ್ಯಾಟಿನ ಚಿಪ್ ತೆಳ್ಳಗಿನ ಮೈಯಲ್ಲಿ ಬಿಸಿಯಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಕೊಟ್ಟ ದುಡ್ಡು ದಂಡ. ರ‍್ಯಾಮ್ 16 ಜಿಬಿ ಇರಲಿ. ಈ ವರ್ಗದಲ್ಲಿ ಅದು ಬಹುತೇಕ ಬೆಸೆದೇ ಬರುತ್ತದೆ, ಆಮೇಲೆ ಸೇರಿಸಲು ಆಗದು.

ಅಂಕಿ ಹೊಡೆಯುವವರಿಗೆ ಬಲಗಡೆಯ ಸಂಖ್ಯಾ ಕೀಲಿಗಳು ಬೇಕು. 14 ಇಂಚಿನಲ್ಲಿ ಅವು ಸಾಮಾನ್ಯವಾಗಿ ಇರುವುದಿಲ್ಲ. ಎಲ್‌ಜಿ ಗ್ರಾಮ್ 16 ಇಂಚಿನಲ್ಲಿ ಅವು ಇದ್ದೂ ತೂಕ 1.2 ಕೆಜಿ ಆಸುಪಾಸು. ಅಷ್ಟು ಹಗುರವಾದ್ದರಿಂದಲೇ ಮೈ ಒತ್ತಿದರೆ ಬಾಗುತ್ತದೆ. ನೂರು ಗ್ರಾಮಿನ ಪ್ರತ್ಯೇಕ ಸಂಖ್ಯಾ ಫಲಕ ಕೊಂಡು 14 ಇಂಚಿನಲ್ಲೇ ಉಳಿಯುವುದು ನನಗೆ ಸರಿಕಂಡಿದೆ. ಪರದೆ 16:10 ಅನುಪಾತದ್ದಾದರೆ ಹಾಳೆಯ ಸಾಲುಗಳು ಹೆಚ್ಚು ಕಾಣುತ್ತವೆ. ಹೊಳಪಿಲ್ಲದ ಮ್ಯಾಟ್ ಪರದೆ, 400 ನಿಟ್ಸ್ (ಪರದೆಯ ಬೆಳಕಿನ ಅಳತೆ) ಇರಲಿ. 250ರದ್ದು ಡೇರಿಯ ಜಗಲಿಯಲ್ಲಿ ಮುಖ ನೋಡುವ ಕನ್ನಡಿ.

ಇನ್ನು ಕರೆಂಟು. ಗೋಡೆಗೆ ನೇರ ಸಿಕ್ಕಿಸುವ ಗ್ಯಾನ್ ಚಾರ್ಜರಿನ ದೊಡ್ಡ ತೊಂದರೆ ಹಳೆಯ ಕಟ್ಟಡಗಳ ಸಡಿಲ ಸಾಕೆಟ್. 120 ಗ್ರಾಮಿನ ಇಟ್ಟಿಗೆ ತನ್ನ ಭಾರಕ್ಕೆ ತಾನೇ ಜಾರಿ ಬೀಳುತ್ತದೆ, ಅರ್ಧ ಹಿಡಿದರೆ ಕಿಡಿ ಬೇರೆ. ಭಾರತದ ಗುಂಡುಪಿನ್ ಇರುವುದನ್ನೇ ಕೊಳ್ಳಿ, ಚಪ್ಪಟೆ ಪಿನ್ ಬೇಡ. ಜೊತೆಗೆ ಮೊಳದುದ್ದದ ಎಕ್ಸ್‌ಟೆನ್ಶನ್ ಇದ್ದರೆ ಚಾರ್ಜರ್ ಮೇಜಿನ ಮೇಲೆ ಕೂರುತ್ತದೆ. ಎರಡು ಪಿನ್ ಚಾರ್ಜರಿಗೆ ಅರ್ಥಿಂಗ್ ಇಲ್ಲದ್ದರಿಂದ ಲೋಹದ ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ ಎನ್ನುತ್ತದೆ. ಅದು ಚಾರ್ಜರಿನೊಳಗಿನ ಫಿಲ್ಟರ್ ಕೆಪಾಸಿಟರಿನಿಂದ ಸೋರುವ ಅತಿ ಸಣ್ಣ ಕರೆಂಟು. ಸರಿಯಾದ ಚಾರ್ಜರಾದರೆ ಅಪಾಯವಿಲ್ಲ, ಕಿರಿಕಿರಿ ಮಾತ್ರ. ರೈಲಿನ ಕೆಲವು ಬೋಗಿಗಳ ಸಾಕೆಟ್ 110 ವೋಲ್ಟಿನದು. ಚಾರ್ಜರ್ ಮೇಲೆ 100–240 ಎಂದು ಬರೆದಿದ್ದರೆ ವೋಲ್ಟೇಜಿನ ಯೋಚನೆ ಬೇಡ.

ಬ್ಯಾಟರಿಯನ್ನು ಗಂಟೆಯಲ್ಲಿ ಕೇಳಬೇಡಿ, ವ್ಯಾಟ್-ಅವರ್‌ನಲ್ಲಿ ಕೇಳಿ. 55 ವ್ಯಾಟ್-ಅವರ್ ಬ್ಯಾಟರಿ, ಟ್ಯಾಲಿ ಮತ್ತು ಎಕ್ಸೆಲ್, ಫೋನಿನ ಹಾಟ್‌ಸ್ಪಾಟ್, ಅರ್ಧ ಬೆಳಕು: ಸರಾಸರಿ ಏಳು ವ್ಯಾಟ್ ಎಂದುಕೊಂಡರೆ ಎಂಟು ಗಂಟೆಗೆ ತುಸು ಕಡಿಮೆ. ಬ್ಯಾಟರಿ ಹಳತಾಗಿ ಶೇ. 80ಕ್ಕೆ ಇಳಿದಾಗ ಆರೂಕಾಲು. ಹೊಸದರಲ್ಲಿ ಎಂಟರ ಹತ್ತಿರ ಬರದಿದ್ದರೆ ಮುಂದೆ ದಿನ ದೂಡುವುದು ಕಷ್ಟ. ಪವರ್‌ಬ್ಯಾಂಕ್ 20,000 ಎಂಎಎಚ್ ಎಂದರೆ 74 ವ್ಯಾಟ್-ಅವರ್. ವಿಮಾನದ ಕೈಚೀಲದ 100ರ ಮಿತಿಯೊಳಗೇ ಇದೆ. ಆದರೆ 22.5 ವ್ಯಾಟಿನದ್ದು ಲ್ಯಾಪ್‌ಟಾಪಿಗೆ ಸಾಲದು, 45 ಅಥವಾ 65 ವ್ಯಾಟ್ ಪಿಡಿ (ಪವರ್ ಡೆಲಿವರಿ, ಟೈಪ್-ಸಿಯಲ್ಲಿ ಹೆಚ್ಚು ವ್ಯಾಟ್ ಕೊಡುವ ವಿಧಾನ) ಬೇಕು. ಅದರ ತೂಕ ಸುಮಾರು 400 ಗ್ರಾಂ; ಇಳಿಸಿದ್ದೆಲ್ಲ ಅಲ್ಲಿ ವಾಪಸ್. ದಿನಾ ಹೊರುವ ವಸ್ತುವಲ್ಲ.

ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಿದ ವಿಂಡೋಸ್ ಲ್ಯಾಪ್‌ಟಾಪ್ ಈಗೆಲ್ಲ ಕೋಳಿನಿದ್ದೆ ಮಾಡುತ್ತದೆ. ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ಈ ವ್ಯವಸ್ಥೆಯಲ್ಲಿ ನಡುನಡುವೆ ಎದ್ದು ಏನೋ ಮಾಡಿಕೊಳ್ಳುತ್ತದೆ. ಮದ್ದೂರು ಬರುವಷ್ಟರಲ್ಲಿ ಚೀಲ ಬೆಚ್ಚಗೆ, ಬ್ಯಾಟರಿ ಕಡಿಮೆ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ನಲ್ಲಿ ಮೊದಲು ಹೈಬರ್ನೇಟ್ (ತೆರೆದ ಕೆಲಸವನ್ನು ಉಳಿಸಿಟ್ಟು ಪೂರ್ತಿ ಆರಿಹೋಗುವ ಆಯ್ಕೆ) ಸಕ್ರಿಯಗೊಳಿಸಿ, ಆಮೇಲೆ ಮುಚ್ಚಳ ಮುಚ್ಚಿದಾಗ ಹೈಬರ್ನೇಟ್ ಆಗುವಂತೆ ಬದಲಿಸಿ. ತೆರೆಯಲು ಕೆಲವು ಸೆಕೆಂಡು ಹೆಚ್ಚು ಹಿಡಿಯುತ್ತದೆ, ಅಷ್ಟೇ.

ವಾರಂಟಿ ಕೇಳುವಾಗ ಊರಿನ ಹೆಸರಲ್ಲ, ಪಿನ್‌ಕೋಡ್ ಹೇಳಿ ಕೇಳಿ. ಮೈಸೂರಿಗೆ ಮನೆಬಾಗಿಲ ಸೇವೆ ಇದ್ದು ಮಂಡ್ಯದ 571401ಕ್ಕೆ ಇಲ್ಲದಿರಬಹುದು. ಮೂರು ವರ್ಷದ ವಾರಂಟಿಯಲ್ಲೂ ಹಲವು ಕಂಪನಿಗಳು ಬ್ಯಾಟರಿಗೆ ಒಂದೇ ವರ್ಷ ಕೊಡುತ್ತವೆ. ಹಣ ಕೊಡುವ ಮೊದಲು ಅಂಗಡಿಯಲ್ಲೇ ನಿಮ್ಮ ಟೋಕನ್ ಚುಚ್ಚಿ ಸಹಿ ಮಾಡಿ ನೋಡಿ, ಮುಚ್ಚಳದ ನಡುವೆ ಅಂಗೈ ಒತ್ತಿ ಪರದೆಯಲ್ಲಿ ಅಲೆ ಏಳುತ್ತದೆಯೇ ಗಮನಿಸಿ. ಕೊನೆಗೆ ಚಾರ್ಜರ್ ಸಮೇತ ನಿಮ್ಮದೇ ಚೀಲಕ್ಕೆ ಹಾಕಿಸಿ ಕೊಕ್ಕೆತಕ್ಕಡಿಗೆ ತೂಗುಹಾಕಿ. ಅಂಗಡಿಯವನು ನಕ್ಕರೆ ನಗಲಿ.