ಟ್ರಾನ್ಸಿಸ್ಟರ್ ಎಸೆಯುವ ಮುನ್ನ ಮೀಟರ್ ಇಟ್ಟು ನೋಡಿ

ಮಲ್ಟಿಮೀಟರನ್ನು ಬೀಪ್‌ಗೆ (ಸಂಪರ್ಕವಿದ್ದರೆ ಸದ್ದು ಮಾಡುವ ಜಾಗಕ್ಕೆ) ತಿರುಗಿಸಿ, ಟ್ರಾನ್ಸಿಸ್ಟರಿನ ಎರಡು ಕಾಲಿಗೆ ಪ್ರೋಬ್ ತಾಗಿಸಿ, ಸದ್ದು ಬರಲಿಲ್ಲವೆಂದು ‘ಇದು ಸರಿ ಇದೆ’ ಎಂದುಬಿಡುವವರನ್ನು ಬಹಳ ನೋಡಿದ್ದೇನೆ. ಬೀಪ್ ಹೇಳುವುದು ಶಾರ್ಟ್ ಆಗಿದೆಯೇ, ಅಂದರೆ ಒಳಗೇ ಕಾಲುಗಳು ಕೂಡಿಕೊಂಡಿವೆಯೇ ಎಂಬುದನ್ನಷ್ಟೇ. ಒಳಗೆ ಓಪನ್ ಆಗಿರುವುದಕ್ಕೂ, ಅಂದರೆ ಸಂಪರ್ಕ ಕಡಿದಿರುವುದಕ್ಕೂ, ಸದ್ದಿರುವುದಿಲ್ಲ. ನಮಗೆ ಬೇಕಿರುವುದು ಡಯೋಡ್ ಚಿಹ್ನೆ ಇರುವ ಜಾಗ. ಕೆಲವು ಮೀಟರುಗಳಲ್ಲಿ ಎರಡೂ ಒಂದೇ ಕಡೆ ಇರುತ್ತವೆ, ಗುಂಡಿ ಒತ್ತಿ ಬದಲಿಸಿಕೊಳ್ಳಬೇಕು.

ಮೊದಲು ಟ್ರಾನ್ಸಿಸ್ಟರನ್ನು ಬೋರ್ಡಿನಿಂದ ಬಿಚ್ಚಿ. ಅಲ್ಲೇ ಇಟ್ಟು ಅಳೆದರೆ ಅಕ್ಕಪಕ್ಕದ ರೆಸಿಸ್ಟರ್, ಕಾಯಿಲ್‌ಗಳೂ ಲೆಕ್ಕಕ್ಕೆ ಬಂದು ಒಳ್ಳೆಯದೇ ಕೆಟ್ಟದ್ದಾಗಿ ಕಾಣುತ್ತದೆ. ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿ, ಸೊನ್ನೆಯ ಹತ್ತಿರ ನಿಲ್ಲುತ್ತದೆಯೇ ನೋಡಿ. ಅಗ್ಗದ ಮೀಟರುಗಳ ಜೊತೆ ಬರುವ ಪ್ರೋಬ್‌ನ ತಂತಿ ಹಿಡಿಕೆಯ ಬುಡದಲ್ಲಿ ಬೇಗ ತುಂಡಾಗುತ್ತದೆ. ಮೀಟರ್ ಬದಲಿಸುವ ಮೊದಲು ಒಳ್ಳೆಯ ಪ್ರೋಬ್ ಕೊಳ್ಳಿ.

ಇನ್ನು ಬೇಸ್ ಹುಡುಕುವುದು. ಟ್ರಾನ್ಸಿಸ್ಟರಿನ ಮೂರು ಕಾಲುಗಳಲ್ಲಿ ಕರೆಂಟನ್ನು ಹಿಡಿತದಲ್ಲಿಡುವುದು ಬೇಸ್; ಉಳಿದೆರಡು ಎಮಿಟರ್, ಕಲೆಕ್ಟರ್. ಒಂದು ಪ್ರೋಬನ್ನು ಒಂದು ಕಾಲಿಗೆ ಹಿಡಿದು, ಇನ್ನೊಂದನ್ನು ಉಳಿದೆರಡು ಕಾಲುಗಳಿಗೆ ಸರದಿಯಲ್ಲಿ ತಾಗಿಸಿ. ಎರಡು ಕಡೆಯೂ 500ರಿಂದ 750ರ ನಡುವಿನ ಅಂಕಿ ಬಂದರೆ ಹಿಡಿದಿರುವ ಕಾಲೇ ಬೇಸ್. ಅಲ್ಲಿ ಕೆಂಪು ಪ್ರೋಬ್ ಇದ್ದರೆ ಎನ್‌ಪಿಎನ್, ಕಪ್ಪು ಇದ್ದರೆ ಪಿಎನ್‌ಪಿ; ಟ್ರಾನ್ಸಿಸ್ಟರಿನ ಎರಡು ಬಗೆಗಳಿವು. ಅಂಕಿ ಮಿಲಿವೋಲ್ಟ್‌ನಲ್ಲಿರುತ್ತದೆ; ಕೆಲವು ಮೀಟರುಗಳು 0.65 ಎಂದು ವೋಲ್ಟ್‌ನಲ್ಲಿ ತೋರಿಸುತ್ತವೆ. ಹಳೆಯ ರೇಡಿಯೋದ ಎಸಿ128ನಂಥ ಜರ್ಮೇನಿಯಂ ಟ್ರಾನ್ಸಿಸ್ಟರ್ ಆದರೆ ಅಂಕಿ ಇದರ ಅರ್ಧಕ್ಕಿಂತ ಕಡಿಮೆ. ಒಟ್ಟು ಆರು ಅಳತೆಗಳಲ್ಲಿ ಎರಡಕ್ಕೆ ಮಾತ್ರ ಅಂಕಿ ಬರಬೇಕು. ಉಳಿದ ನಾಲ್ಕರಲ್ಲಿ ಪರದೆಯ ಎಡತುದಿಯಲ್ಲಿ ಬರೀ ‘1’ ಅಥವಾ ‘ಓಎಲ್’ ಕಾಣಬೇಕು, ಅಂದರೆ ಕರೆಂಟು ಹರಿಯುತ್ತಿಲ್ಲ. ಕಲೆಕ್ಟರ್ ಮತ್ತು ಎಮಿಟರ್ ನಡುವೆ ಸೊನ್ನೆ ಬಂದರೆ ಶಾರ್ಟ್ ಆಗಿದೆ, ಎಸೆಯಿರಿ.

ಮುಳ್ಳಿನ ಮೀಟರ್ ಇಟ್ಟುಕೊಂಡವರು ಗಮನಿಸಿ: ಓಮ್ ರೇಂಜಿನಲ್ಲಿ ಅದರ ಕಪ್ಪು ಪ್ರೋಬೇ ಪಾಸಿಟಿವ್. ಎನ್‌ಪಿಎನ್, ಪಿಎನ್‌ಪಿ ಎರಡೂ ತಿರುಗಾಮುರುಗಾ.

ಹೆಚ್ಚಿನವರು ಎಡವುವುದು ಎಮಿಟರ್ ಯಾವುದು, ಕಲೆಕ್ಟರ್ ಯಾವುದು ಎಂಬಲ್ಲಿ. ಬೇಸಿನಿಂದ ಅಳೆದ ಎರಡು ಅಂಕಿಗಳಲ್ಲಿ ದೊಡ್ಡದು ಎಮಿಟರಿನದು. ಕಲೆಕ್ಟರ್ ಜಂಕ್ಷನ್ (ಬೇಸ್ ಮತ್ತು ಕಲೆಕ್ಟರ್ ಒಳಗೆ ಕೂಡುವ ಜಾಗ) ಹೆಚ್ಚು ಅಗಲವಾಗಿರುವುದರಿಂದ ಅಷ್ಟೇ ಕರೆಂಟಿಗೆ ಅಲ್ಲಿ ವೋಲ್ಟೇಜ್ ತುಸು ಕಡಿಮೆ. ಆದರೆ ವ್ಯತ್ಯಾಸ ಕೆಲವೇ ಮಿಲಿವೋಲ್ಟ್: ಒಂದು ಕಡೆ 668 ಇದ್ದರೆ ಇನ್ನೊಂದು ಕಡೆ 664. ಜಂಕ್ಷನ್ ಒಂದು ಡಿಗ್ರಿ ಬಿಸಿಯಾದರೆ ಅಂಕಿ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಬೆರಳಲ್ಲಿ ಹಿಡಿದು ಅಳೆದರೆ ಮೈ ಬಿಸಿಗೆ ಎರಡನೆಯ ಅಂಕಿ ತಾನಾಗಿ ಕೆಳಗೆ ಬಂದು, ಕಲೆಕ್ಟರೇ ಎಮಿಟರ್ ಆಗಿ ಕಾಣಬಹುದು. ಆದ್ದರಿಂದ ಟ್ರಾನ್ಸಿಸ್ಟರನ್ನು ಬ್ರೆಡ್‌ಬೋರ್ಡಿಗೆ (ಬೆಸುಗೆಯಿಲ್ಲದೆ ಕಾಲು ಚುಚ್ಚಿಡುವ ತೂತುಹಲಗೆ) ಚುಚ್ಚಿ ಕೈ ಬಿಡಿ. ಆಗತಾನೇ ಬೋರ್ಡಿನಿಂದ ಬಿಚ್ಚಿದ್ದಾದರೆ ಪೂರ್ತಿ ತಣಿಯಲು ಬಿಡಿ. ನಂತರ ಒಂದು ಕಾಲು, ಇನ್ನೊಂದು ಕಾಲು, ಮತ್ತೆ ಮೊದಲಿನದು, ಹೀಗೆ ಅದಲುಬದಲಾಗಿ ಅಳೆಯಿರಿ. ಪ್ರತಿ ಸಲವೂ ಒಂದೇ ಕಾಲಿನ ಅಂಕಿ ದೊಡ್ಡದಾಗಿ ಬಂದರಷ್ಟೇ ನಂಬಿ.

ಇಷ್ಟಾದ ಮೇಲೂ ನಾನು ಮೀಟರಿನ ಎಚ್‌ಎಫ್‌ಇ ಸಾಕೆಟ್ಟಿಗೆ (ಬೇಸಿನ ಕರೆಂಟು ಎಷ್ಟು ಪಟ್ಟು ಹಿಗ್ಗುತ್ತದೆಂದು ತೋರಿಸುವ ತೂತುಗಳು) ಹಾಕಿ ನೋಡದೆ ಬಿಡುವುದಿಲ್ಲ, ನೀವೂ ಬಿಡಬೇಡಿ. ಬೇಸನ್ನು ಬೇಸಿನ ತೂತಿಗೇ ಇಟ್ಟು, ಉಳಿದೆರಡನ್ನು ಅದಲುಬದಲು ಮಾಡಿ ನೋಡಿ. ಬಿ.ಸಿ.547ಬಿ ಸರಿಯಾಗಿ ಕೂತಾಗ 200ಕ್ಕಿಂತ ಮೇಲೆ, ಉಲ್ಟಾ ಕೂತಾಗ ಅದಕ್ಕಿಂತ ಎಷ್ಟೋ ಕಡಿಮೆ ತೋರಿಸುತ್ತದೆ. 2ಎನ್3055ನಂಥ ಪವರ್ ಟ್ರಾನ್ಸಿಸ್ಟರಿಗೆ ಈ ಅಂಕಿಯನ್ನು ನೆಚ್ಚಬೇಡಿ, ಸಾಕೆಟ್ ಕೊಡುವ ಕರೆಂಟು ಅದಕ್ಕೆ ಏನೇನೂ ಸಾಲದು.

ಆಕಾರ ನೋಡಿ ಕಾಲು ಊಹಿಸುವ ಅಭ್ಯಾಸ ಇವತ್ತೇ ಬಿಡಿ. ಬಿ.ಸಿ.547 ಮತ್ತು 2ಎನ್3904 ನೋಡಲು ತದ್ರೂಪ. ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇರುವಂತೆ ಹಿಡಿದರೆ ಎಡದಿಂದ ಮೊದಲನೆಯದಕ್ಕೆ ಕಲೆಕ್ಟರ್, ಬೇಸ್, ಎಮಿಟರ್. ಎರಡನೆಯದಕ್ಕೆ ಎಮಿಟರ್, ಬೇಸ್, ಕಲೆಕ್ಟರ್. ಬಿ.ಡಿ.139ರಲ್ಲಿ ಬೇಸ್ ನಡುವೆ ಇರುವುದೇ ಇಲ್ಲ, ತುದಿಯಲ್ಲಿರುತ್ತದೆ. ನಮ್ಮ ಕಾಲೇಜು ಲ್ಯಾಬುಗಳಲ್ಲಿ ಎಲ್ಲರೂ ಕಂಡಿರುವ ಎಸ್‌ಎಲ್100 ಇದಕ್ಕಿಂತ ಸುಲಭ: ಲೋಹದ ಟೊಪ್ಪಿಯ ಅಂಚಿನ ಪುಟ್ಟ ಚಾಚು ಎಮಿಟರನ್ನು ತೋರಿಸುತ್ತದೆ.

ಹಳೆಯ ಟಿವಿಯ ಬಿ.ಯು.2508ಡಿ ತರಹದವನ್ನು ಶಾರ್ಟ್ ಎಂದು ಎಸೆಯಬೇಡಿ. ಹೆಸರಿನ ಕೊನೆಯ ‘ಡಿ’ ಒಳಗೇ ಡಯೋಡ್ ಇದೆಯೆಂದು ಹೇಳುತ್ತದೆ. ಬೇಸ್-ಎಮಿಟರ್ ನಡುವೆ ಸಣ್ಣ ರೆಸಿಸ್ಟರೂ ಇರುವುದರಿಂದ ಅಲ್ಲಿ ಎರಡು ದಿಕ್ಕಿನಲ್ಲೂ ಕಡಿಮೆ ಅಂಕಿ ಬರುವುದು ಸಹಜ.

ಮೂರು ಕಾಲು ಸಿಕ್ಕಿಸಿದರೆ ಬಗೆ, ಕಾಲುಗಳ ಗುರುತಿನ ಚಿತ್ರ ಎರಡನ್ನೂ ತೋರಿಸುವ ಪುಟ್ಟ ಕಾಂಪೊನೆಂಟ್ ಟೆಸ್ಟರ್‌ಗಳು ಈಗ ಬಂದಿವೆ. ಕಾಲು ಗುರುತಿಸಲು ಚೆನ್ನಾಗಿವೆ, ಸಮಯ ಉಳಿಯುತ್ತದೆ. ಆದರೆ ಅವೂ, ನಮ್ಮ ಮೀಟರೂ ಪರೀಕ್ಷಿಸುವುದು ಕೆಲವೇ ವೋಲ್ಟಿನಲ್ಲಿ. ನೂರಾರು ವೋಲ್ಟ್ ಬಿದ್ದಾಗ ಮಾತ್ರ ಸೋರುವ ಟ್ರಾನ್ಸಿಸ್ಟರ್ ಇವೆರಡರಲ್ಲೂ ಪಾಸಾಗುತ್ತದೆ. ಎಲ್ಲ ಸರಿಯಿದೆ ಎಂದು ತೋರಿಸಿದ್ದು ಬೋರ್ಡಿಗೆ ಹಾಕಿದ ಮೇಲೂ ಕೆಲಸ ಮಾಡದಿದ್ದರೆ ಮತ್ತೆ ಮತ್ತೆ ಅಳೆಯುತ್ತ ಕೂರದೆ, ಅದೇ ನಂಬರಿನ ಹೊಸದೊಂದನ್ನು ಹಾಕಿ ನೋಡಿ.